ವಿಷಯ: ಮೂವತ್ತೆಂಟನೇ ನಂಬರ್

ಊರಿನ ಇನ್ನೂರ ಹನ್ನೆರಡು ಬಸ್ಸುಗಳು ಎಲ್ಲಿಗೆ ಎಷ್ಟು ಹೊತ್ತಿಗೆ ಬರಬೇಕು, ಅಲ್ಲಿಂದ ಎಷ್ಟು ಹೊತ್ತಿಗೆ ಕಾಲು ಕೀಳಬೇಕು ಎಂದು ಇಪ್ಪತ್ತಾರು ವರ್ಷಗಳಿಂದ ಬರೆದಿಡುತ್ತ ಬಂದ ಮನುಷ್ಯ ಅವತ್ತು ಬೆಳಿಗ್ಗೆ ತಾನು ಹತ್ತಬೇಕಾಗಿದ್ದ ಬಸ್ಸನ್ನೇ ತಪ್ಪಿಸಿಕೊಂಡ. ಇದೇನೂ ಹೊಸದಲ್ಲ ಬಿಡಿ. ವೇಳಾಪಟ್ಟಿ ವಿಭಾಗದವರು ಹೊತ್ತಿಗೆ ಸರಿಯಾಗಿ ಮನೆ ಬಿಡಬೇಕೆಂದು ಯಾವ ಕಾನೂನೂ ಇಲ್ಲ. ಆದರೆ ಅವತ್ತಿನ ತಡ ಬೇರೆ ಥರದ್ದು. ಮಂಚದ ಅಂಚಿನಲ್ಲಿ ಕೂತು, ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಗೋಡೆಯಲ್ಲಿ ಬಣ್ಣ ಎದ್ದುಹೋದ ಜಾಗವನ್ನು ಕಾಲು ಗಂಟೆ ನೋಡಿದ್ದ. ಹಲ್ಲಿನ ಡಾಕ್ಟರ ಬಳಿ ಮುಂಬಾಗಿಲ ಮೇಜಿನ ಕೆಲಸ ಮಾಡುವ ಅವನ ಹೆಂಡತಿ ಬಾಗಿಲಲ್ಲಿ ನಿಂತು ಅಷ್ಟು ಹೊತ್ತೂ ಅವನನ್ನು ನೋಡಿದಳು. ಹಲ್ಲು ಕೀಳಿಸಿಕೊಳ್ಳೋಕೆ ಬಂದವರೂ ಇಷ್ಟು ಮುಖ ಹುಳ್ಳಗೆ ಮಾಡಿಕೊಂಡು ಕೂತಿರಲ್ಲ ಅಂದಳು. ಆಫೀಸಿನಲ್ಲಿ ಹಳೆಯ ಇಮೇಲುಗಳನ್ನೆಲ್ಲ ಇವತ್ತು ಹೊಸ ಸರ್ವರಿಗೆ ಸಾಗಿಸುತ್ತಾರಂತೆ ಎಂದು ಅವನು ಹೇಳಿದ್ದಕ್ಕೆ, ಅದಕ್ಕೆ ಇಷ್ಟೊಂದು ಶೋಕ ಯಾಕೆ, ಯಾರದಾದರೂ ಪ್ರೇಮಪತ್ರ ಇದೆಯೇ ಅದರಲ್ಲಿ ಎಂದು ಕೇಳಿದಳು. ಇದ್ದರೆ ಹೇಳಬೇಕಂತೆ, ಈ ವಯಸ್ಸಿನಲ್ಲಿ ಅವಳಿಗೂ ಒಂದಿಷ್ಟು ಮಜಾ ಸಿಗುತ್ತಂತೆ. ಪ್ರೇಮಪತ್ರವಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವನಿಗೆ ನಿಜವಾಗಿ ಅನ್ನಿಸಿತು. ಎರಡನೇ ಕಾಲುಚೀಲ ಹಾಕಿಕೊಂಡ.

ಅದರಲ್ಲಿ ಇದ್ದದ್ದು ಓದದ ಒಂದು ಇಮೇಲ್. ಒಂದೇ ಒಂದು. ಆರು ವರ್ಷಗಳಿಂದ ಅವನ ಕಂಪ್ಯೂಟರಿನಲ್ಲಿ ‘ಒಳಬಂದವು’ ಎಂಬ ಫೋಲ್ಡರಿನ ಪಕ್ಕದಲ್ಲಿ, ಆವರಣದೊಳಗೆ, ದಪ್ಪಕ್ಷರದಲ್ಲಿ ‘೧’ ಎಂದು ಕೂತಿತ್ತು. ದಿನಾ ಬೆಳಿಗ್ಗೆ ಹೊಸ ಇಮೇಲುಗಳು ಬಂದು ಆ ಒಂದು ಹನ್ನೆರಡಾಗುತ್ತಿತ್ತು, ಇಪ್ಪತ್ತಾಗುತ್ತಿತ್ತು. ಸಂಜೆಯೊಳಗೆ ಎಲ್ಲವನ್ನೂ ಓದಿ ಮುಗಿಸಿದರೆ ಮತ್ತೆ ಅದೇ ಒಂದು. ಬಸ್ ಸ್ಟಾಪಿನಲ್ಲಿ ಮುಂದಿನ ಬಸ್ಸಿಗೆ ಕಾಯುತ್ತ, ಆ ಮುಂದಿನ ಬಸ್ಸು ಇಪ್ಪತ್ತೆರಡು ನಿಮಿಷಕ್ಕೆ ಬರಲಿ ಎಂದು ಬರೆದವನು ತಾನೇ ಆದ್ದರಿಂದ ಯಾರನ್ನೂ ಬೈಯಲಾಗದೆ, ಅವನು ಆ ಇಮೇಲನ್ನು ಕಳಿಸಿದವನ ಬಗ್ಗೆ ಯೋಚಿಸಿದ. ಆತನನ್ನು ಆಫೀಸಿನಲ್ಲಿ ಎಲ್ಲರೂ ಸೆಕೆಂಡ್ ಮುಳ್ಳು ಎಂದು ಕರೆಯುತ್ತಿದ್ದರು, ಆತನ ಎದುರಿಗೇ. ಹನ್ನೊಂದು ವರ್ಷ ಇಬ್ಬರೂ ಒಂದೇ ಮೇಜಿನ ಆಚೆ ಈಚೆ ಕೂತಿದ್ದರು. ಊಟದ ಡಬ್ಬಿಯನ್ನು ಒಂದು ಗಂಟೆಗೆ ತೆರೆಯುವುದೆಂದರೆ ಆತ ಒಂದಕ್ಕೇ ತೆರೆಯುತ್ತಿದ್ದ. ಹನ್ನೆರಡು ಐವತ್ತೊಂಬತ್ತಕ್ಕೆ ಎಷ್ಟೇ ಹಸಿವಾಗಿದ್ದರೂ ಮುಚ್ಚಳದ ಮೇಲೆ ಕೈ ಇಟ್ಟುಕೊಂಡು ಕಾಯುವ ಪೈಕಿ. ಇಮೇಲ್ ಕಳಿಸಿದರೆ ‘ಓದಿದ ಕೂಡಲೇ ನನಗೆ ತಿಳಿಸಿ’ ಎಂಬ ಗುರುತು ಹಾಕಿಯೇ ಕಳಿಸುತ್ತಿದ್ದ. ಎದುರಿಗೆ ಮೂರಡಿ ದೂರದಲ್ಲಿ ಕೂತವನಿಗೆ ‘ಸ್ಕೇಲ್ ಕೊಡಿ’ ಎಂದು ಕಳಿಸಿದ ಇಮೇಲಿಗೂ ಆ ಗುರುತು ಇರುತ್ತಿತ್ತು, ಇವನು ಅದನ್ನು ತೆರೆದರೆ ಆ ಕಡೆ ಟಣ್ ಎಂದು ಸದ್ದಾಗುತ್ತಿತ್ತು, ಆತ ತಲೆಯೆತ್ತಿ ‘ಓದಿದಿರಿ’ ಎನ್ನುತ್ತಿದ್ದ. ಆಗ ಅದು ತಮಾಷೆಯಾಗಿತ್ತು. ಆಮೇಲೆ ಅದೇ ಇವನ ಕೈ ಕಟ್ಟಿಹಾಕಿತು. ಆ ಇಮೇಲನ್ನು ತೆರೆದರೆ ಅಲ್ಲಿ ಸದ್ದಾಗುತ್ತದೆ. ‘ತಿಳಿಸಬೇಡ’ ಎಂದು ಒತ್ತುವ ದಾರಿಯೂ ಇತ್ತು ಅನ್ನಿ, ಆದರೆ ಓದಿಯೂ ಓದಿಲ್ಲ ಎಂದು ಒತ್ತುವಷ್ಟು ದಪ್ಪ ಚರ್ಮ ಅವನದಲ್ಲ. ಅವನು ಸುಳ್ಳು ಹೇಳದೆಯೇ ಕೆಲಸ ಸಾಧಿಸಿಕೊಳ್ಳುವ ಕುಲದವನು. ಅಳಿಸಿಹಾಕಬಹುದಿತ್ತು, ಅದಕ್ಕೂ ಧೈರ್ಯ ಬೇಕು. ಹೀಗಾಗಿ ಆರು ವರ್ಷ ಅದನ್ನು ಓದಲೂ ಇಲ್ಲ, ಬಿಸಾಡಲೂ ಇಲ್ಲ. ಕೈತಪ್ಪಿ ತೆರೆದುಕೊಂಡೀತೆಂದು, ಇಮೇಲನ್ನು ಮುಟ್ಟಿದೊಡನೆ ಪಕ್ಕದಲ್ಲಿ ಬಿಚ್ಚಿ ತೋರಿಸುವ ಸೌಕರ್ಯವನ್ನೇ ಮುಚ್ಚಿಸಿಬಿಟ್ಟಿದ್ದ. ಒಂದು ಇಮೇಲಿಗೆ ಹೆದರಿ ಸಾವಿರಾರು ಇಮೇಲುಗಳನ್ನು ಎರಡೆರಡು ಸಲ ಒತ್ತಿ ಓದಿದ ಮಹಾನುಭಾವ.

ಅದರ ವಿಷಯದ ಸಾಲು ಮಾತ್ರ ಹೊರಗಿನಿಂದಲೇ ಕಾಣುತ್ತಿತ್ತು: ‘ಮೂವತ್ತೆಂಟನೇ ನಂಬರ್.’ ಅಷ್ಟೇ ಸಾಕಾಗಿತ್ತು. ಬಸ್ಸು ಬಂತು, ಹತ್ತಿದ, ಕಂಬಿ ಹಿಡಿದು ನಿಂತ. ಹಿಡಿದ ಕೈಯ ಹೆಬ್ಬೆರಳಿನ ತುದಿ ಕಂಬಿಯ ಮೇಲೆ ತಾನಾಗಿಯೇ ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಿದ್ದುದು ಕಂಡು ಕೈ ಬದಲಿಸಿದ. ಅವರ ವಿಭಾಗದಲ್ಲಿ ಪ್ರತಿ ಬಸ್ಸಿಗೂ ಗ್ರಾಫ್ ಹಾಳೆಯ ಮೇಲೆ ಒಂದು ಓರೆ ಗೆರೆ ಎಳೆಯುತ್ತಾರೆ. ಅಡ್ಡಕ್ಕೆ ಹೊತ್ತು, ಉದ್ದಕ್ಕೆ ನಿಲ್ದಾಣಗಳು, ಒಂದು ಚೌಕವೆಂದರೆ ಹತ್ತು ನಿಮಿಷ. ಕಂಪ್ಯೂಟರ್ ಬಂದ ಮೇಲೂ ಮೊದಲು ಹಾಳೆ, ಆಮೇಲೆ ಕಂಪ್ಯೂಟರ್. ಗೆರೆ ಎಳೆದವನು ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಸಹಿ ಹಾಕಬೇಕು, ಪರೀಕ್ಷಿಸಿದವನು ಹಾಳೆಯ ಮುಖಕ್ಕೆ ಶಾಯಿಯಲ್ಲಿ. ಯಾರು ಮಾಡಿದ ನಿಯಮವೋ, ಯಾಕೆ ಮಾಡಿದ್ದೋ, ಕೇಳಿದವರಿಲ್ಲ. ಆ ವರ್ಷ ದೊಡ್ಡಾಸ್ಪತ್ರೆಯ ಗೇಟಿನಿಂದ ಮಧ್ಯಾಹ್ನ ಎರಡೂ ಐದಕ್ಕೆ ಹೊರಡಬೇಕಿದ್ದ ಮೂವತ್ತೆಂಟನೇ ನಂಬರಿನ ಗೆರೆಯನ್ನು ಅವನು ಒಂದು ಚೌಕ ಹಿಂದೆ ಎಳೆದಿದ್ದ. ಬಸ್ಸು ಒಂದೂ ಐವತ್ತೈದಕ್ಕೆ ಹೊರಟುಹೋಗುತ್ತಿತ್ತು. ಎರಡಕ್ಕೆ ಪಾಳಿ ಮುಗಿಸಿ ಬರುವ ನರ್ಸುಗಳು ಮುಂದಿನ ಬಸ್ಸಿಗೆ ಐವತ್ತು ನಿಮಿಷ ಬಿಸಿಲಲ್ಲಿ ನಿಲ್ಲುತ್ತಿದ್ದರು. ಎರಡು ತಿಂಗಳು ನಿಂತು, ಆಮೇಲೆ ಎಪ್ಪತ್ತು ಜನ ಸಹಿ ಮಾಡಿದ ಪತ್ರ ಕಳಿಸಿದರು. ಮೇಲಧಿಕಾರಿ ಹಾಳೆ ತರಿಸಲು ಹೇಳಿದ ದಿನ ಬೆಳಿಗ್ಗೆ, ಆಫೀಸಿನಲ್ಲಿ ಇನ್ನೂ ಕಸ ಗುಡಿಸುತ್ತಿದ್ದಾಗ, ಅವನು ಹಾಳೆಯನ್ನು ಬೋರಲು ಹಾಕಿ ಬೆನ್ನಿನ ಪೆನ್ಸಿಲ್ ಸಹಿಯನ್ನು ರಬ್ಬರಿನಿಂದ ಉಜ್ಜಿದ. ಯೋಚನೆ ಮಾಡಿ ಉಜ್ಜಿದ್ದೆಂದು ಹೇಳುವಂತಿಲ್ಲ, ಯೋಚನೆಯಿಲ್ಲದೆ ಉಜ್ಜಿದ್ದೆಂದೂ ಹೇಳುವಂತಿಲ್ಲ. ಉಜ್ಜುತ್ತಿದ್ದಾಗಲೇ ಸೆಕೆಂಡ್ ಮುಳ್ಳು ಒಳಗೆ ಬಂದ, ತನ್ನ ಹೊತ್ತಿಗೆ, ಒಂಬತ್ತೂ ಐವತ್ತಕ್ಕೆ. ಮೇಜಿನ ಮೇಲೆ ರಬ್ಬರಿನ ಪುಡಿ ಬಿದ್ದಿತ್ತು. ಆತ ಅದನ್ನು ನೋಡಿದ, ಹಾಳೆಯನ್ನು ನೋಡಿದ, ಮೇಜು ಗಲೀಜಾಗಿದ್ದರೆ ಸಹಿಸದ ಮನುಷ್ಯನಾದ್ದರಿಂದ ಬಗ್ಗಿ ಪುಡಿಯನ್ನು ಊದಿ ಹಾರಿಸಿದ. ನಂತರ ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸಿಕೊಂಡ. ವಿಚಾರಣೆಯಲ್ಲಿ ಹಾಳೆಯ ಮೇಲೆ ಉಳಿದಿದ್ದದ್ದು ಶಾಯಿಯ ಸಹಿ ಒಂದೇ. ಎಳೆದವರು ಯಾರು ಎಂದು ಮೇಲಧಿಕಾರಿ ಕೇಳಿದಾಗ ಆತ ಪರೀಕ್ಷಿಸಿದ್ದು ನಾನು ಎಂದಷ್ಟೇ ಹೇಳಿದ. ಇವನು ಕಿಟಕಿಯ ಕಡೆ ನೋಡುತ್ತಿದ್ದ. ವಾರದೊಳಗೆ ಆತನನ್ನು ಊರಾಚೆಯ ಡಿಪೋಗೆ, ಬಸ್ಸಿನಲ್ಲಿ ಜನ ಮರೆತುಹೋದ ಸಾಮಾನುಗಳ ಕೌಂಟರಿಗೆ ಹಾಕಿದರು.

ಅಂದಿನಿಂದ ಅವನು ಆ ಡಿಪೋದ ಕಡೆ ತಲೆ ಹಾಕಿರಲಿಲ್ಲ. ಎರಡು ಸಲ ಬಸ್ಸಿನಲ್ಲಿ ಕೊಡೆ ಮರೆತಿದ್ದ. ಎರಡು ಸಲವೂ ಹೊಸದು ಕೊಂಡ. ಡಿಪೋಗೆ ಹೋಗಿ ಕೇಳಿದರೆ ಸಿಗುತ್ತಲ್ಲ, ನಿಮ್ಮದೇ ಕಂಪನಿ ತಾನೆ ಎಂದು ಹೆಂಡತಿ ಅಂದದ್ದಕ್ಕೆ, ಯಾರು ಹೋಗ್ತಾರೆ ಅಷ್ಟು ದೂರ ಎಂದಿದ್ದ. ಮೂವತ್ತೆಂಟು ಹತ್ತಿದರೆ ನೇರ ಡಿಪೋ ಬಾಗಿಲಿಗೇ ಬಿಡುತ್ತದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಆಫೀಸು ಮುಟ್ಟಿದಾಗ ಅವನ ಕುರ್ಚಿಯಲ್ಲಿ ಸರ್ವರಮ್ಮ ಆಗಲೇ ಕೂತಿದ್ದಳು. ಕಂಪ್ಯೂಟರ್ ವಿಭಾಗದ ನಲವತ್ತೈದರ ಹೆಂಗಸು. ಕನ್ನಡಕ ಸದಾ ತಲೆಯ ಮೇಲೆ, ಹುಡುಕುವಾಗಲೂ ತಲೆಯ ಮೇಲೆ. ಹೊಸ ಸರ್ವರ್ ಬಂದಾಗಿನಿಂದ ಆಕೆಗೆ ಆ ಹೆಸರು ಅಂಟಿಕೊಂಡಿತ್ತು. ಬೇರೆಯವರ ಇಮೇಲುಗಳೆಲ್ಲ ಮುಂಚಿನಿಂದಲೂ ಸರ್ವರಿನಲ್ಲೇ ಇದ್ದವು, ಇವನದು ಮಾತ್ರ ಇಪ್ಪತ್ತು ವರ್ಷದ್ದೂ ಮೇಜಿನ ಕೆಳಗಿನ ಈ ಹಳೆಯ ಕಂಪ್ಯೂಟರ್ ಡಬ್ಬದೊಳಗೇ ಉಳಿದಿತ್ತು. ಸಂಜೆಗೆ ಡಬ್ಬವನ್ನು ಒರೆಸಿ ಗುಜರಿಗೆ ಕಳಿಸುವುದು, ಅಷ್ಟರೊಳಗೆ ಒಳಗಿರುವುದನ್ನೆಲ್ಲ ಸಾಗಿಸುವುದು. ಕೈಯಿಂದ ಒಂದೊಂದೇ ಎಳೆದು ಹಾಕುವುದಾದರೆ ನಾನು ನಿವೃತ್ತಿ ಆಗಿಬಿಡ್ತೀನಿ, ಅದಕ್ಕೇ ಒಂದು ಸ್ಕ್ರಿಪ್ಟ್ ಬರೆದಿದ್ದೀನಿ ಎಂದಳು. ಎಂಬತ್ತು ಸಾಲಂತೆ. ಡಬ್ಬದಲ್ಲಿರುವ ಫೋಲ್ಡರನ್ನು ತೆರೆಯುತ್ತದೆ, ಒಂದು ಇಮೇಲ್ ಎತ್ತಿಕೊಳ್ಳುತ್ತದೆ, ಅದು ಬಂದ ತಾರೀಕು ಯಾವುದು, ಯಜಮಾನರು ಓದಿದ್ದಾರೋ ಇಲ್ಲವೋ ನೋಡಿಕೊಳ್ಳುತ್ತದೆ, ಸರ್ವರಿನಲ್ಲಿ ಅದೇ ಹೆಸರಿನ ಫೋಲ್ಡರಿಗೆ ಅದೇ ತಾರೀಕಿನ ಸಮೇತ ಇಡುತ್ತದೆ, ಮುಂದಿನದಕ್ಕೆ ಹೋಗುತ್ತದೆ. ಏನನ್ನೂ ಓದುವುದಿಲ್ಲ, ಯಾರಿಗೂ ಕಳಿಸುವುದಿಲ್ಲ. ನೀವು ಮಾತ್ರ ಏನೂ ಮುಟ್ಟಬೇಡಿ ಎಂದಳು. ಮುಟ್ಟದೇ ಇರುವುದರಲ್ಲಿ ತನಗೆ ಒಳ್ಳೆಯ ಅನುಭವವಿದೆ ಎಂದು ಅವನು ಹೇಳಲಿಲ್ಲ.

ಮೊದಲು ಸುಮ್ಮನೆ ಎಣಿಸಿ ನೋಡಲು ಬಿಟ್ಟಳು. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಓಡಿದವು, ನಿಂತವು. ಒಟ್ಟು ಹದಿನಾಲ್ಕು ಸಾವಿರದ ಇನ್ನೂರ ಆರು. ಓದಿದ್ದು ಹದಿನಾಲ್ಕು ಸಾವಿರದ ಇನ್ನೂರ ಐದು. ಓದದ್ದು ಒಂದು. ಅಬ್ಬಾ, ಇಷ್ಟು ಶಿಸ್ತಿನವರನ್ನು ಈ ಆಫೀಸಿನಲ್ಲಿ ನೋಡಿಲ್ಲ ಸರ್, ನನ್ನದರಲ್ಲೇ ನಾಲ್ಕು ಸಾವಿರ ಓದದ್ದು ಬಿದ್ದಿದೆ ಎಂದು ಆಕೆ ಹೊಗಳಿದಳು. ಅವನಿಗೆ ಕಿವಿ ಬಿಸಿಯಾಯಿತು. ಪೆಚ್ಚು ನಗೆ ನಕ್ಕು, ನೀರಿನ ಬಾಟಲಿ ತುಂಬಿಸುವ ನೆಪದಲ್ಲಿ ಹೊರಗೆ ಹೋಗಿ, ತುಂಬಿಸದೆ ವಾಪಸು ಬಂದ.

ನಿಜವಾದ ಸಾಗಣೆ ಶುರುವಾದ ಮೇಲೆ ಪಕ್ಕದ ಸ್ಟೂಲಿನ ಮೇಲೆ ಕೂತು ಅವನು ತನ್ನ ಇಪ್ಪತ್ತು ವರ್ಷಗಳು ಒಂದೊಂದೇ ಸಾಲಾಗಿ ಮೇಲಕ್ಕೆ ಹತ್ತಿ ಹೋಗುವುದನ್ನು ನೋಡಿದ. ಹೊರಹೋದವು, ಸುತ್ತೋಲೆಗಳು, ದೂರುಗಳು. ದೂರುಗಳ ಫೋಲ್ಡರಿನಲ್ಲಿ ಮೂವತ್ತೆಂಟನೇ ನಂಬರ್ ಮತ್ತೆ ಮತ್ತೆ ಬಂತು. ಒಂದು ಸಲ ತಪ್ಪಾದ ಬಸ್ಸಿನ ಮೇಲೆ ಜನಕ್ಕೆ ನಂಬಿಕೆ ಹೋಗಿಬಿಡುತ್ತದೆ ಎಂದು ಅವನು ಅಂದುಕೊಂಡಿದ್ದ. ವಿಚಾರಣೆಯ ಮಾರನೇ ದಿನವೇ ಅವನು ಗೆರೆಯನ್ನು ಸರಿಯಾದ ಚೌಕಕ್ಕೆ ತಂದು ಎರಡೂ ಐದು ಮಾಡಿದ್ದನಲ್ಲ. ಆದ್ದರಿಂದ ದೂರು ಬಂದಾಗಲೆಲ್ಲ ‘ಪರಿಶೀಲಿಸಲಾಗಿದೆ, ವೇಳೆ ಸರಿಯಾಗಿದೆ’ ಎಂಬ ಒಂದೇ ಉತ್ತರವನ್ನು ಕಳಿಸಿದ್ದ. ಹದಿನೇಳು ಸಲ ಕಳಿಸಿದ್ದನೆಂದು ಈಗ ಸ್ಕ್ರಿಪ್ಟಿನ ಜೊತೆ ಕೂತು ಎಣಿಸಿದ. ಬೇಜಾರಿಗೆ ಎಣಿಸಿದ್ದು, ಬೇರೇನಿಲ್ಲ. ಊಟದ ಹೊತ್ತಿಗೆ ಕೊನೆಯ ಫೋಲ್ಡರ್ ಬಂತು, ಒಳಬಂದವು. ಅವನು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡ. ಸಾವಿರ, ಎರಡು ಸಾವಿರ, ಐದು ಸಾವಿರ. ಸರಾಗವಾಗಿ ಹತ್ತುತ್ತಿದ್ದ ಸಾಲುಗಳು ಕಟ್ಟಕಡೆಯದರ ಹತ್ತಿರ ಬಂದು ನಿಂತುಬಿಟ್ಟವು. ಕೆಂಪಕ್ಷರ ಬಂತು. ಸರ್ವರಮ್ಮ ತಲೆಯ ಮೇಲಿನ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡಳು.

ತಾರೀಕು ಸರಿಯಿಲ್ಲ, ವರ್ಷದ ಜಾಗದಲ್ಲಿ ನಾಲ್ಕು ಸೊನ್ನೆ ಕೂತಿದೆ, ಅದಕ್ಕೇ ಸ್ಕ್ರಿಪ್ಟ್ ಗಂಟುಬಿದ್ದಿದೆ ಎಂದು ಆಕೆ ವಿವರಿಸಿದಳು. ಕಳಿಸಿದವರ ಕಂಪ್ಯೂಟರಿನ ಗಡಿಯಾರ ಕೆಟ್ಟಿರಬೇಕು. ಡಿಪೋದಿಂದ ಬಂದದ್ದಲ್ಲವೇ, ಅಲ್ಲಿಗೆ ಯಾವಾಗಲೂ ಕೆಟ್ಟದ್ದನ್ನೇ ತಳ್ಳುತ್ತೇವೆ. ಅವನಿಗೆ ಬೇರೆ ಯಾವುದಕ್ಕೂ ಆಗದಷ್ಟು ಸಂಕಟವಾಯಿತು. ಮುಚ್ಚಳದ ಮೇಲೆ ಕೈಯಿಟ್ಟು ಒಂದು ಗಂಟೆಗೆ ಕಾಯುತ್ತಿದ್ದ ಮನುಷ್ಯನಿಗೆ ಹೊತ್ತೇ ಗೊತ್ತಿಲ್ಲದ ಕಂಪ್ಯೂಟರ್ ಕೊಟ್ಟು ಕೂರಿಸಿದ್ದರು.

“ಇದೊಂದನ್ನ ಬಿಟ್ಟು ಮುಗಿಸು ಅಂತ ಹೇಳ್ಲಾ ಸರ್? ಹದಿನಾಲ್ಕು ಸಾವಿರದಲ್ಲಿ ಒಂದು ತಾನೆ. ಹೇಗೂ ನೀವು ಓದಿಲ್ಲ.”

ಇದಕ್ಕಿಂತ ಒಳ್ಳೆಯ ಅವಕಾಶ ಯಾರಿಗೆ ಸಿಕ್ಕೀತು ಹೇಳಿ. ಬಿಡಿ ಎಂದರೆ ಸಂಜೆಗೆ ಡಬ್ಬ ಗುಜರಿಗೆ, ಇಮೇಲ್ ಅದರ ಜೊತೆಗೆ. ಅಳಿಸಿದವನು ಇವನಲ್ಲ, ಸ್ಕ್ರಿಪ್ಟು. ನಾಳೆ ಬೆಳಿಗ್ಗೆ ಆವರಣದಲ್ಲಿ ಆ ಒಂದು ಇರುವುದಿಲ್ಲ. ಸೆಕೆಂಡ್ ಮುಳ್ಳು ಮುಂದೊಂದು ದಿನ ಎದುರಾಗಿ ಕೇಳಿದರೂ, ಸರ್ವರ್ ಬದಲಾಯಿಸುವಾಗ ಎಲ್ಲೋ ಹೋಯಿತು ಎಂದು ನಿಜವನ್ನೇ ಹೇಳಬಹುದು. ಇಂಥ ನಿಜಗಳಲ್ಲಿ ಅವನು ಪಳಗಿದವನು. ಬಿಡಿ ಎಂದು ಬಾಯಿ ತೆರೆದ, ಬಿಡಿ ಎಂದೇಬಿಟ್ಟ ಕೂಡ. ಆಕೆ ಸರಿ ಎಂದು ಟೈಪು ಮಾಡತೊಡಗಿದಳು. ಮೇಜಿನ ಮೇಲೆ ಏನೂ ಇರಲಿಲ್ಲ, ಕೀಲಿಮಣೆಯ ಪಕ್ಕದಲ್ಲಿ ಒಂದಿಷ್ಟು ಧೂಳು. ಆಕೆ ಟೈಪು ಮಾಡುತ್ತಲೇ ಬಗ್ಗಿ ಆ ಧೂಳನ್ನು ಊದಿದಳು. ಎಲ್ಲರೂ ಊದುವ ಹಾಗೆ. ಅವನು ಸ್ಟೂಲಿನಿಂದ ಎದ್ದುಬಿಟ್ಟ.

“ತಡೀರಿ. ಮಾರ್ಚ್ ಹನ್ನೆರಡು, ಮಂಗಳವಾರ. ಹನ್ನೊಂದೂ ನಲವತ್ತು. ಆರು ವರ್ಷದ ಹಿಂದೆ.”

ಆಕೆಯ ಬೆರಳು ನಿಂತಿತು. ಇಮೇಲಿನ ಒಳಸಾಲುಗಳನ್ನು ತೆರೆದು ನೋಡಿದಳು. ಕಳಿಸಿದ ಗಡಿಯಾರ ಕೆಟ್ಟಿದ್ದರೂ ದಾರಿಯಲ್ಲಿ ಅದನ್ನು ಇಸಿದುಕೊಂಡ ಯಂತ್ರಗಳು ತಮ್ಮ ಹೊತ್ತನ್ನು ಬರೆದಿಟ್ಟಿರುತ್ತವಂತೆ. ಹನ್ನೊಂದೂ ನಲವತ್ತೇ ಇತ್ತು. ಕನ್ನಡಕವನ್ನು ಮತ್ತೆ ತಲೆಗೆ ಏರಿಸಿಕೊಂಡು ಅವನನ್ನು ನೋಡಿದಳು. ಓದದೇ ಇರುವ ಇಮೇಲ್ ಬಂದ ನಿಮಿಷ ಯಾರಿಗಾದರೂ ಬಾಯಿಪಾಠ ಇರುತ್ತದೆಯೇ ಎಂದು ಆಕೆ ಕೇಳಲಿಲ್ಲ, ಕೇಳಿದ್ದರೆ ಎಷ್ಟೋ ವಾಸಿಯಿತ್ತು. ಅವನು ಕುತ್ತಿಗೆ ಬಗ್ಗಿಸಿ ತನ್ನ ಅಂಗಿಯ ಗುಂಡಿಯನ್ನು ಪರೀಕ್ಷೆ ಮಾಡಿದ. ಐವತ್ತನಾಲ್ಕು ವಯಸ್ಸಿನ, ಇನ್ನೂರ ಹನ್ನೆರಡು ಬಸ್ಸುಗಳ ಒಡೆಯ. ಆಕೆ ಎದ್ದು ಊಟದ ಚೀಲ ತೆಗೆದುಕೊಂಡಳು.

“ತಾರೀಕು ನಾನು ಕೈಯಲ್ಲೇ ತಿದ್ತೀನಿ ಸರ್. ಓದಿದ್ದು ಅಂತ ಹಾಕ್ಬೇಕಾ, ಓದಿಲ್ಲ ಅಂತ ಹಾಕ್ಬೇಕಾ, ಅದೊಂದು ನೀವೇ ಹೇಳ್ಬೇಕು. ಅರ್ಧ ಗಂಟೆ ಬಿಟ್ಟು ಬರ್ತೀನಿ.”

ಬಾಗಿಲು ಮುಚ್ಚಿತು. ಕುರ್ಚಿ ಇನ್ನೂ ಬೆಚ್ಚಗಿತ್ತು. ಅವನು ಮೊದಲು ಪೆನ್ಸಿಲುಗಳನ್ನು ಜೋಡಿಸಿದ. ಕಿಟಕಿಯ ಪರದೆ ಸರಿಸಿದ, ಬೆಳಕು ಜಾಸ್ತಿಯಾಯಿತೆಂದು ಮತ್ತೆ ಎಳೆದ. ಆ ಇಮೇಲಿನೊಳಗೆ ಏನಿರಬಹುದು ಎಂದು ಅವನು ಆರು ವರ್ಷದಲ್ಲಿ ಎಷ್ಟು ರೀತಿ ಬರೆದುಕೊಂಡಿದ್ದ! ಸ್ನಾನ ಮಾಡುವಾಗ, ಕ್ಷೌರದ ಕುರ್ಚಿಯಲ್ಲಿ ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕೂತಾಗ. ಕೆಲವು ಸಲ ಅದು ಎರಡು ಪುಟದ ಬೈಗುಳವಾಗಿರುತ್ತಿತ್ತು, ಅದಕ್ಕೆ ಅವನ ಬಳಿ ಉತ್ತರ ತಯಾರಿತ್ತು: ಮಗಳ ಓದು, ಆ ವರ್ಷದ ಬಡ್ತಿ, ಗಾಬರಿ. ಕೆಲವು ಸಲ ‘ರಬ್ಬರ್’ ಎಂಬ ಒಂದೇ ಪದ. ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುತ್ತಿದ್ದದ್ದು, ಪರವಾಗಿಲ್ಲ, ನಾನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ ಎಂಬ ಸಾಲು. ಹಾಗೆ ಬರೆದಿದ್ದರೆ ಆತನ ಮುಂದೆ ಜೀವಮಾನವಿಡೀ ತಲೆ ಎತ್ತುವ ಹಾಗಿರಲಿಲ್ಲ. ಒಂದೂ ಇಪ್ಪತ್ತಮೂರು ಆಗಿತ್ತು. ಅವನು ಎರಡು ಸಲ ಒತ್ತಿದ. ಇಮೇಲಿಗಿಂತ ಮೊದಲು ಚಿಕ್ಕದೊಂದು ಚೌಕ ಎದ್ದುಬಂತು: ಕಳಿಸಿದವರು, ನೀವು ಓದಿದ್ದನ್ನು ತಿಳಿಯಲು ಬಯಸಿದ್ದಾರೆ. ತಿಳಿಸಬಹುದೇ? ಹೌದು, ಇಲ್ಲ. ಅವನು ಕಣ್ಣು ಮುಚ್ಚಿ ಹೌದನ್ನು ಒತ್ತಿದ, ಕಣ್ಣು ಮುಚ್ಚಿದ್ದರಿಂದ ಮೊದಲ ಸಲ ಗುರಿ ತಪ್ಪಿ ಎರಡನೇ ಸಲ ಕಣ್ಣು ತೆರೆದು ಒತ್ತಬೇಕಾಯಿತು.

‘ಮೂವತ್ತೆಂಟನ್ನು ಎರಡೂ ಐದಕ್ಕೆ ತಂದಿದ್ದೀರಿ, ನೋಡಿದೆ. ಸಾಲದು. ಪಾಳಿ ಎರಡಕ್ಕೆ ಮುಗಿದರೂ ಮುಂದಿನ ಪಾಳಿಯವರಿಗೆ ರೋಗಿಗಳ ವಿವರ ಒಪ್ಪಿಸಿ, ಬಟ್ಟೆ ಬದಲಿಸಿ ಅವರು ಗೇಟಿಗೆ ಬರುವಾಗ ಎರಡೂ ಹನ್ನೆರಡು ಆಗುತ್ತದೆ. ರಜೆ ಹಾಕಿ ನಾಲ್ಕು ದಿನ ಗೇಟಿನಲ್ಲಿ ನಿಂತು ನೋಡಿದ್ದೇನೆ. ಎರಡೂ ಹದಿನೈದು ಮಾಡಿ. ನಾವು ಮೊದಲಿನಿಂದ ಇಟ್ಟಿದ್ದ ಎರಡೂ ಐದೇ ತಪ್ಪು. ಪರೀಕ್ಷಿಸುವವನು ನಾನು, ಹೋಗಿ ನೋಡಿರಲಿಲ್ಲ. ಬಸ್ಸಿನ ಹಿಂದೆ ಓಡುವಾಗ ಕಳಚಿ ಬಿದ್ದ ಚಪ್ಪಲಿಗಳನ್ನು ಗೇಟಿನವರು ನಮ್ಮ ಕೌಂಟರಿಗೆ ಕಳಿಸುತ್ತಿದ್ದಾರೆ, ಈ ತಿಂಗಳು ಮೂರು. ಬೇಗ ಮಾಡಿ.’

ಅಷ್ಟೇ. ಕೆಳಗೆ ಹೆಸರು, ಅದರ ಕೆಳಗೆ ಹೊಸ ಹುದ್ದೆ. ರಬ್ಬರಿನ ಸುದ್ದಿಯಿಲ್ಲ, ಕ್ಷಮೆಯಿಲ್ಲ, ಬೈಗುಳವಿಲ್ಲ. ಅವನು ಮತ್ತೆ ಓದಿದ, ಸಾಲುಗಳ ನಡುವೆ ತಾನು ಎಲ್ಲಾದರೂ ಇದ್ದೇನೆಯೇ ಎಂದು ಹುಡುಕಿದ. ಎಲ್ಲೂ ಇರಲಿಲ್ಲ. ಆರು ವರ್ಷ ತನ್ನ ಪಾಪವೆಂದು ಮುಚ್ಚಿಟ್ಟುಕೊಂಡು ಕಾವಲು ಕಾದದ್ದು ತನ್ನ ಬಗ್ಗೆಯೇ ಆಗಿರಲಿಲ್ಲ. ಅದು ಬಸ್ಸಿನ ಬಗ್ಗೆ. ವಿಷಯದ ಸಾಲಿನಲ್ಲೇ ಆತ ನಿಜ ಬರೆದಿದ್ದ. ಇವನು ತನ್ನ ಮರ್ಯಾದೆಯ ಚಿಂತೆಯಲ್ಲಿ ಅದನ್ನು ತೆರೆಯದೆ ಕೂತದ್ದಕ್ಕೆ ಅಷ್ಟು ದಿನವೂ ಆ ನರ್ಸುಗಳು ಓಡಿದ್ದರು. ಪರಿಶೀಲಿಸಲಾಗಿದೆ, ವೇಳೆ ಸರಿಯಾಗಿದೆ. ಹದಿನೇಳು ಸಲ. ಅವನಿಗೆ ನಾಚಿಕೆಯಾಯಿತು, ಹಳೆಯ ನಾಚಿಕೆಯಲ್ಲ, ಅದು ಅಭ್ಯಾಸವಾಗಿ ಮೆತ್ತಗಾಗಿಬಿಟ್ಟಿತ್ತು. ಇದು ಹೊಸದು, ಕೂತಲ್ಲಿ ಕೂರಲು ಬಿಡಲಿಲ್ಲ.

ಮೂವತ್ತೆಂಟರ ಹಾಳೆ ತೆಗೆದ. ಹಳೆಯ ಗೆರೆ ಅಳಿಸಿ ಎರಡೂ ಹದಿನೈದಕ್ಕೆ ಹೊಸ ಗೆರೆ ಎಳೆದ. ಬೋರಲು ಹಾಕಿ ಬೆನ್ನಿಗೆ ಸಹಿ ಮಾಡಲು ಪೆನ್ಸಿಲ್ ಹಿಡಿದವನು ಅದನ್ನು ಇಟ್ಟು ಶಾಯಿಯ ಪೆನ್ನು ತೆಗೆದುಕೊಂಡ. ನಿಯಮಕ್ಕೆ ವಿರುದ್ಧ. ಮುಂಬದಿಯಲ್ಲಿ ಪರೀಕ್ಷಿಸಿದವರ ಜಾಗ ಖಾಲಿಯಿತ್ತು, ಈಗ ಪರೀಕ್ಷಿಸುವವರು ಪಕ್ಕದ ಕೋಣೆಯಲ್ಲೇ ಇದ್ದರು, ಏನು ಕೊಟ್ಟರೂ ನೋಡದೆ ಸಹಿ ಹಾಕುವ ಪುಣ್ಯಾತ್ಮರು. ಅವನು ಹಾಳೆಯನ್ನು ಸುರುಳಿ ಸುತ್ತಿದ. ಸರ್ವರಮ್ಮನಿಗೆ ಕಾಣುವಂತೆ ಕೀಲಿಮಣೆಯ ಮೇಲೆ ಚೀಟಿಯಲ್ಲಿ ‘ಓದಿದ್ದು’ ಎಂದು ಬರೆದಿಟ್ಟು ಮೆಟ್ಟಿಲಿಳಿದ.

ಮೂವತ್ತೆಂಟನೇ ನಂಬರ್ ಆಫೀಸಿನ ಮುಂದೆ ಬಂದು ನಿಂತಾಗ ಅವನು ಅಲ್ಲಿದ್ದ, ಅದೇ ಒಂದು ಆಶ್ಚರ್ಯ. ದೊಡ್ಡಾಸ್ಪತ್ರೆಯ ಗೇಟಿನಲ್ಲಿ ಬಸ್ಸು ಎರಡಕ್ಕೆ ಬಂತು, ಐದು ನಿಮಿಷ ನಿಂತಿತು. ಔಷಧಿ ಚೀಟಿ ಹಿಡಿದ ಇಬ್ಬರು ಮುದುಕರು ಹತ್ತಿದರು. ಎರಡೂ ಐದಕ್ಕೆ ಸರಿಯಾಗಿ ಬಾಗಿಲು ಮುಚ್ಚಿ ಹೊರಟಿತು. ಅವನು ಹಿಂದಿನ ಗಾಜಿನಿಂದ ನೋಡುತ್ತಿದ್ದ. ಯಾರೂ ಇಲ್ಲವಲ್ಲ ಎಂದು ಒಂದು ಕ್ಷಣ ಅವನ ಮನಸ್ಸು ಹಳೆಯ ಚಾಳಿಯಂತೆ ಹಗುರಾಗುವುದಕ್ಕೂ ನೋಡಿತು. ತಿರುವಿನಲ್ಲಿ ಸಿಗ್ನಲ್ ಕೆಂಪಾಗಿ ಬಸ್ಸು ನಿಂತಿತು, ಆಗ ಗೇಟಿನ ಒಳಗಿನಿಂದ ನರ್ಸುಗಳು ಬಂದರು, ಬಟ್ಟೆಯನ್ನೂ ಬದಲಿಸದೆ ಸಮವಸ್ತ್ರದಲ್ಲೇ. ಮೊದಲು ಮೂರು ಜನ, ಅವರ ಹಿಂದೆ ಐದಾರು. ಸಿಗ್ನಲಿನಲ್ಲಿ ಬಸ್ಸು ಸಿಕ್ಕಿಬಿದ್ದಿದೆಯೆಂದು ಕಂಡು ಓಡತೊಡಗಿದರು. ದಪ್ಪನೆಯ ಹೆಂಗಸೊಬ್ಬಳು ಚಪ್ಪಲಿಗಳನ್ನು ಮೊದಲೇ ಕಳಚಿ ಕೈಯಲ್ಲಿ ಹಿಡಿದು ಓಡುತ್ತಿದ್ದಳು, ರೂಢಿಯಾದವಳ ಹಾಗೆ, ನಗುತ್ತ. ಇನ್ನು ಇಪ್ಪತ್ತು ಹೆಜ್ಜೆ ಇದ್ದಾಗ ಸಿಗ್ನಲ್ ಹಸಿರಾಯಿತು. ನಿಲ್ಸಿ, ಬರ್ತಿದ್ದಾರೆ ಎಂದು ಅವನು ಕಂಡಕ್ಟರಿಗೆ ಕೂಗಿ ಹೇಳಿದ. ಕಂಡಕ್ಟರು ತಿರುಗಿಯೂ ನೋಡಲಿಲ್ಲ.

“ದಿನಾ ಬರ್ತಾರೆ ಸರ್. ನಾವೇನ್ಮಾಡೋದು? ಆಫೀಸಲ್ಲಿ ಯಾವ್ನೋ ಪುಣ್ಯಾತ್ಮ ಕೂತ್ಕೊಂಡು ಬರ್ದಿಟ್ಟಿದ್ದಾನೆ. ಎರಡೂ ಐದು ಅಂದ್ರೆ ಎರಡೂ ಐದು.”

ಹೌದು ಎಂದ ಅವನು. ಡಿಪೋವರೆಗೂ ಸುರುಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ.

ಕೌಂಟರಿನ ಹಿಂದೆ ಕೊಡೆಗಳು ಉದ್ದದ ಕ್ರಮದಲ್ಲಿ ನಿಂತಿದ್ದವು, ಟಿಫಿನ್ ಡಬ್ಬಿಗಳು ಮುಚ್ಚಳದ ಗಾತ್ರದ ಕ್ರಮದಲ್ಲಿ. ಒಂದು ಕಪಾಟು ತುಂಬ ಒಂಟಿ ಚಪ್ಪಲಿಗಳು, ಪ್ರತಿಯೊಂದಕ್ಕೂ ದಾರ ಕಟ್ಟಿ ಚೀಟಿ. ಚೀಟಿಯಲ್ಲಿ ದಿನ, ಗಂಟೆ, ನಿಮಿಷ. ಕಂಪ್ಯೂಟರಿನ ಗಡಿಯಾರ ಕೆಟ್ಟಿದ್ದರೂ ಗೋಡೆಯ ಮೇಲೊಂದು ದೊಡ್ಡ ಗಡಿಯಾರವನ್ನು ಆತ ಸ್ವಂತದ್ದು ತಂದು ಹಾಕಿಕೊಂಡಿದ್ದ. ತಲೆ ಪೂರ್ತಿ ನರೆತಿತ್ತು. ಇವನನ್ನು ಕಂಡು ಏಳಲಿಲ್ಲ, ಮುಖ ತಿರುಗಿಸಲೂ ಇಲ್ಲ. ಗೋಡೆ ನೋಡಿದ.

“ಒಂದೂ ಇಪ್ಪತ್ತಮೂರಕ್ಕೆ ಓದಿದಿರಿ. ಈಗ ಎರಡೂ ಮೂವತ್ತೊಂದು. ಕೊಡೆಗೆ ಬಂದಿದ್ರೆ ತಡ ಆಯ್ತು ರೀ, ಮೂರು ತಿಂಗಳು ಮಾತ್ರ ಇಟ್ಕೊಳ್ಳೋದು ನಾವು.”

ದಾರಿಯುದ್ದಕ್ಕೂ ಅವನು ಒಂದು ಮಾತು ಜೋಡಿಸಿಕೊಂಡು ಬಂದಿದ್ದ. ಸುರುಳಿಯನ್ನು ಕೌಂಟರಿನ ಮೇಲೆ ಬಿಚ್ಚಿದ. ಸೆಕೆಂಡ್ ಮುಳ್ಳು ಹಾಳೆಯ ಮುಖವನ್ನು ನೋಡುವ ಮೊದಲು ಅದನ್ನು ಬೋರಲು ಹಾಕಿದ. ಬೆನ್ನಿನ ಮೇಲಿನ ಶಾಯಿಯ ಸಹಿಯನ್ನು ನೋಡಿದ, ತುಸು ಹೊತ್ತೇ ನೋಡಿದ, ಹೆಬ್ಬೆರಳಿನಿಂದ ಒಮ್ಮೆ ಒತ್ತಿ ಉಜ್ಜಿ ಅದು ಅಳಿಸುವುದಿಲ್ಲವೆಂದು ಖಾತ್ರಿ ಮಾಡಿಕೊಂಡ.

“ಅವತ್ತು ನಾನು ಹೇಳ್ಬೇಕಿತ್ತು,” ಎಂದ ಅವನು. ಜೋಡಿಸಿಕೊಂಡು ಬಂದದ್ದರಲ್ಲಿ ಉಳಿದದ್ದು ಇಷ್ಟೇ.

“ಹೇಳ್ಬೇಕಿತ್ತು,” ಎಂದು ಸೆಕೆಂಡ್ ಮುಳ್ಳು ಒಪ್ಪಿಕೊಂಡ. ಹಾಳೆಯನ್ನು ಮತ್ತೆ ಮುಖ ಮೇಲೆ ಮಾಡಿ, ಗೆರೆಯ ಮೇಲೆ ಬೆರಳಿಟ್ಟು ಆಸ್ಪತ್ರೆಯ ಚೌಕದ ಬಳಿ ನಿಲ್ಲಿಸಿದ. ಎರಡೂ ಹದಿನೈದು ಆರು ವರ್ಷದ ಹಿಂದಿನ ಲೆಕ್ಕ ಎಂದ. ಈಗ ಹೊಸ ಕಟ್ಟಡ ಎದ್ದಿದೆ, ಗೇಟು ಆ ಕಡೆ ಹೋಗಿದೆ, ನಡೆಯುವುದು ಜಾಸ್ತಿ. ಹೋದ ತಿಂಗಳು ಕೂಡ ನಿಂತು ನೋಡಿ ಬಂದಿದ್ದಾನಂತೆ. ಎರಡೂ ಇಪ್ಪತ್ತು ಆಗಬೇಕು. ಪೆನ್ಸಿಲಿಗೆ ಕೈ ಹಾಕಿದವನು, ಕೌಂಟರಿನ ಮೇಲೆ ಏನನ್ನೋ ಹುಡುಕಿ, ಸಿಗದೆ, ತಲೆಯೆತ್ತಿ ಇವನ ಅಂಗಿಯ ಜೇಬಿನ ಕಡೆ ನೋಡಿದ.

“ರಬ್ಬರ್ ಇಟ್ಟಿರ್ತೀರಲ್ಲ. ಕೊಡಿ.”

ಅವನು ಜೇಬಿನಿಂದ ತೆಗೆದುಕೊಟ್ಟ. ಸೆಕೆಂಡ್ ಮುಳ್ಳು ಗೆರೆಯ ಆ ತುಂಡನ್ನಷ್ಟೇ ಉಜ್ಜಿ ತೆಗೆದು, ಸ್ಕೇಲ್ ಇಟ್ಟು ಅರ್ಧ ಚೌಕ ಮುಂದಕ್ಕೆ ಎಳೆದು, ಖಾಲಿಯಿದ್ದ ಜಾಗದಲ್ಲಿ ಶಾಯಿಯಲ್ಲಿ ಸಹಿ ಹಾಕಿದ. ಹಾಳೆಯ ಮೇಲೆ ಪುಡಿ ಬಿದ್ದಿತ್ತು. ಆತ ಅದನ್ನು ಮುಟ್ಟಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಕೈ ಕಟ್ಟಿಕೊಂಡು, ಕಾಯುತ್ತ ಕೂತ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬಗ್ಗಿ ಊದಿದ.